ಹಿಮ್ಮಡಿ ನೆಲದ ಮೇಲಿರಲಿ

ಕೀಂಯ್... ಟಕ್. ಕೀಂಯ್... ಟಕ್.

ಈಗಲೂ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಕಾಫಿ ಲೋಟ ತೊಳೆದು ಬೋರಲು ಹಾಕಿ ಕೂತರೆ, ಆ ಸದ್ದು ಕಿವಿಯೊಳಗೆ ಬಂದು ನಿಲ್ಲುತ್ತದೆ. ಹೊಸೂರಿನ ಬಸ್ ಸ್ಟ್ಯಾಂಡಿನಿಂದ ಎರಡು ತಿರುವು ಆಚೆ, ಒಂದು ಬೇಕರಿಯ ಮಹಡಿ ಮೇಲಿದ್ದ ಫಿಸಿಯೋಥೆರಪಿ ರೂಮಿನ ಪುಲ್ಲಿಯ ಸದ್ದು ಅದು. ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದ ಒಂದು ಪುಟ್ಟ ಗಾಲಿ, ಅದರ ಮೇಲೆ ಹಾದ ನೈಲಾನ್ ಹಗ್ಗ, ಹಗ್ಗದ ಎರಡು ತುದಿಗೂ ಒಂದೊಂದು ಹಿಡಿ. ಕೆಳಗೆ ಕುರ್ಚಿ. ಒಳ್ಳೆಯ ಕೈಯಿಂದ ಒಂದು ಹಿಡಿಯನ್ನು ಕೆಳಕ್ಕೆಳೆದರೆ, ಇನ್ನೊಂದನ್ನು ಹಿಡಿದ ನೋಯುವ ಕೈ ಮೇಲಕ್ಕೆ ಹೋಗಬೇಕು. ಹೋಗುವಾಗ ಕೀಂಯ್. ತಾಳಲಾರದೆ ಬಿಟ್ಟಾಗ ಟಕ್. ಅಲ್ಲಿಗೆ ಬರುವವರ ಧೈರ್ಯವನ್ನೆಲ್ಲ ಆ ಎರಡು ಸದ್ದುಗಳ ನಡುವಿನ ಹೊತ್ತಿನಿಂದ ಅಳೆಯಬಹುದಿತ್ತು. ನನ್ನದು ಬಹಳ ಗಿಡ್ಡ ಹೊತ್ತು. ಕೀಂಯ್ ಅನ್ನುವಷ್ಟರಲ್ಲೇ ಟಕ್.

ನನ್ನ ಬಲಭುಜಕ್ಕೆ ಫ್ರೋಜನ್ ಶೋಲ್ಡರ್ ಎಂದು ಹೆಸರಿಟ್ಟವರು ಮೂಳೆ ಡಾಕ್ಟರು. ಕೇಳಿದಾಗ, ನಿಮ್ಮಲ್ಲಿ ಸುಳ್ಳೇಕೆ ಹೇಳಲಿ, ಸ್ವಲ್ಪ ಖುಷಿಯೇ ಆಯಿತು. ಸ್ವಿಟ್ಜರ್ಲೆಂಡಿಗೆ ಹೋಗಿಬಂದವರಿಗೆ ಬರುವ ಕಾಯಿಲೆಯಂತೆ ಕೇಳಿಸಿತ್ತು. ಶುಗರ್ ಇರುವ ಹೆಂಗಸರಲ್ಲಿ ಇದು ಮಾಮೂಲು, ಕೀಲಿನ ಸುತ್ತಲಿನ ಚೀಲ ದಪ್ಪವಾಗಿ ಬಿಗಿದುಕೊಂಡಿದೆ, ಮಾತ್ರೆಗಿಂತ ವ್ಯಾಯಾಮವೇ ಮುಖ್ಯ ಎಂದು ಅವರು ಹೇಳಿದ ಮೇಲೆ ಖುಷಿ ಇಳಿಯಿತು. ವ್ಯಾಯಾಮ ಅನ್ನುವ ಪದಕ್ಕೂ ನನಗೂ ಎಂಟನೇ ವಯಸ್ಸಿನಿಂದ ಮನಸ್ತಾಪ. ಆ ಕಥೆಗೆ ಆಮೇಲೆ ಬರುತ್ತೇನೆ.

ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಜಡೆ. ಬಲಗೈ ಕಿವಿಯ ಮಟ್ಟಕ್ಕೂ ಏರುತ್ತಿರಲಿಲ್ಲ. ಹಿಂದಕ್ಕಂತೂ ಹೋಗುವುದೇ ಇಲ್ಲ. ಹಾಗಾಗಿ ಮದುವೆಯಾಗಿ ನಲವತ್ತೇಳು ವರ್ಷಗಳ ನಂತರ ನಮ್ಮವರು ನನ್ನ ಜಡೆ ಹೆಣೆಯಲು ಕೂತರು. ಅವರು ಇಲ್ಲಿನ ಕಾರ್ಖಾನೆಯೊಂದರಲ್ಲಿ ರಿಟೈರ್ ಆಗುವವರೆಗೂ ಸ್ಕ್ರೂಗಳ ಎಳೆಗಳ ನಡುವಿನ ಅಂತರ, ಅವರ ಭಾಷೆಯಲ್ಲಿ ಪಿಚ್, ಅಳೆದವರು. ಆ ಕೆಲಸಕ್ಕಾಗಿಯೇ ನಾವು ಕೋಲಾರದ ಕಡೆಯಿಂದ ಗಡಿಯಾಚೆ ತಮಿಳುನಾಡಿನ ಹೊಸೂರಿಗೆ ಬಂದು ಬೇರು ಬಿಟ್ಟದ್ದು. ಮೊದಲ ದಿನ ಹೆಣೆದು ಮುಗಿಸಿ, ಕನ್ನಡಕ ಏರಿಸಿ, "ನೋಡು ಸುಶೀ, ಮೇಲಿಂದ ಕೆಳಗಿನ ತನಕ ಪಿಚ್ ಒಂದೇ ಇದೆ" ಎಂದರು.

"ಪಿಚ್ ಇರಲಿ. ಇಷ್ಟು ಬಿಗಿದಿದ್ದೀರಲ್ಲ, ರೆಪ್ಪೆ ಮುಚ್ಚೋಕಾಗ್ತಿಲ್ಲ ನಂಗೆ."

"ಸಡಿಲ ಬಿಟ್ಟರೆ ರಿಜೆಕ್ಟ್ ಆಗುತ್ತೆ" ಎಂದರು ಅವರು, ಗಂಭೀರವಾಗಿ.

ನಗು ಬಂತು, ಬಾತ್ರೂಮಿಗೆ ಹೋಗಿ ಸ್ವಲ್ಪ ಅತ್ತೆ ಕೂಡ. ಹೆಂಗಸಿನ ತಲೆಗೂದಲು ಇನ್ನೊಬ್ಬರ ಕೈಗೆ ಹೋಯಿತೆಂದರೆ ಮುದಿತನ ಮನೆಯೊಳಗೆ ಬಂದು ಚಪ್ಪಲಿ ಬಿಟ್ಟಿತೆಂದೇ ಅರ್ಥ.

ಅಷ್ಟಾಗುವವರೆಗೂ ಏನು ಮಾಡುತ್ತಿದ್ದೆ ಎನ್ನುತ್ತೀರಾ? ರೆಸ್ಟ್ ಕೊಡುತ್ತಿದ್ದೆ. ನಾವು ಕಾನ್ವೆಂಟಿನಲ್ಲಿ ಓದಿದವರು ರೆಸ್ಟ್ ಅನ್ನುವುದನ್ನು ಒಂದು ಸದ್ಗುಣ ಎಂದು ತಿಳಿದವರು. ಪಾತ್ರೆ ಎಡಗೈಯಲ್ಲಿ, ಬಾಗಿಲು ಎಡಗೈಯಲ್ಲಿ, ಬಲಗೈ ಮಡಿಲಲ್ಲಿ ಮಹಾರಾಣಿಯಂತೆ. ಫಿಸಿಯೋಥೆರಪಿಯ ಹುಡುಗಿ ಶೋಭನಾ ಮೊದಲ ದಿನವೇ ಇದನ್ನು ಕೇಳಿ ತಲೆ ಅಲ್ಲಾಡಿಸಿದಳು. ಕೃಷ್ಣಗಿರಿ ಕಡೆಯವಳು, ಕನ್ನಡ ಮಾತಾಡುತ್ತಾಳೆ, ಅದರ ಬೆನ್ನಿಗೆ ತಮಿಳು ಸದಾ ಇರುತ್ತದೆ.

"ಆಂಟಿ, ರೆಸ್ಟ್ ಕೊಟ್ಟೂ ಕೊಟ್ಟೂ ಇದು ನಿದ್ದೆ ಹೋಗ್ಬಿಟ್ಟಿದೆ. ಈಗ ಎಬ್ಬಿಸ್ಬೇಕು. ಎಬ್ಬಿಸಿದ್ರೆ ಅಳುತ್ತೆ. ಮಗು ಥರಾನೇ. ಮೆದುವಾ, ಮೆದುವಾ."

ಮೆದುವಾ ಅಂದರೆ ನಿಧಾನವಾಗಿ. ಆ ರೂಮಿನ ಮಂತ್ರ ಅದು. ಸೊಂಟ ಹಿಡಿದುಕೊಂಡ ಕಾರ್ಖಾನೆಯ ಹುಡುಗನನ್ನು ಬೋರಲು ಮಲಗಿಸಿ ಎದೆ ಎತ್ತಿಸುವಾಗಲೂ ಮೆದುವಾ. ಮೊಣಕಾಲಿನ ಆಪರೇಷನ್ ಆದ ದಪ್ಪ ಮೇಷ್ಟ್ರು ಮರಳಿನ ಚೀಲ ಕಟ್ಟಿಕೊಂಡು ಕಾಲು ಚಾಚುವಾಗಲೂ ಮೆದುವಾ. ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿದ್ದ ಹೊಸ ಮದುವಣಗಿತ್ತಿಯೊಬ್ಬಳು ಕನ್ನಡಿಯ ಮುಂದೆ ಕೂತು ದಿನವೂ ಬಲೂನು ಊದುತ್ತಿದ್ದಳು. ಒಂದು ದಿನ ಅದು ನಿಂಬೆಹಣ್ಣಿನಷ್ಟು ಉಬ್ಬಿದಾಗ, ನಾವೆಲ್ಲ ನಮ್ಮ ನಮ್ಮ ವ್ಯಾಯಾಮ ಬಿಟ್ಟು ಚಪ್ಪಾಳೆ ತಟ್ಟಿದೆವು. ತಟ್ಟಲು ಹೋಗಿ ನಾನು ಅಮ್ಮಾ ಎಂದು ಕಿರುಚಿದ್ದು ಬೇರೆ ಮಾತು. ಸ್ಟ್ರೋಕ್ ಆದ ಹಿರಿಯರೊಬ್ಬರು ಅಂಗಿಯ ಗುಂಡಿ ಹಾಕಲು ಕಲಿಯುತ್ತಿದ್ದರು. ಒಂದು ಗುಂಡಿಗೆ ಕಾಲು ಗಂಟೆ. ಹೊರಗೆ ಲಾರಿಗಳು ಹಾರನ್ ಹೊಡೆಯುತ್ತ ಓಡುತ್ತಿದ್ದರೆ, ಒಳಗೆ ದೊಡ್ಡವರೆಲ್ಲ ಮತ್ತೆ ಒಂದನೇ ಕ್ಲಾಸಿನಲ್ಲಿ ಕೂತಿದ್ದೆವು.

ಮಾದಮ್ಮ ಬಂದದ್ದು ಗಣೇಶನ ಹಬ್ಬದ ಮಾರನೆಯ ವಾರ. ಸಾನಮಾವು ಕಾಡಿನ ಅಂಚಿನ ಹಳ್ಳಿಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು, ನನಗಿಂತ ಒಂದು ಗೇಣು ಉದ್ದ. ಜೊತೆಯಲ್ಲಿ ಸೊಸೆ ವಳ್ಳಿ, ಅವಳೂ ಕೃಷ್ಣಗಿರಿ ಕಡೆಯ ತಮಿಳು ಮನೆಯವಳು. ಮಾದಮ್ಮನ ಬಲತೋಳು ಪಕ್ಕೆಗೆ ಅಂಟಿದ ಹಾಗೆ ಇತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಶೋಭನಾ ಜೊತೆ ಇಂಗ್ಲಿಷಿನಲ್ಲಿ ಎರಡು ಮಾತಾಡಿದ್ದನ್ನು ಕೇಳಿ, "ಟೀಚ್ರಮ್ಮನಾ ನೀವು?" ಎಂದಳು.

"ಅಯ್ಯೋ, ಇಲ್ಲ. ನಾನು ಮನೇಲೇ ಇದ್ದವಳು."

"ಮತ್ತೆ ಇಂಗ್ಲೀಸು ಯಾತಕ್ಕೆ ಕಲಿತ್ರಿ?"

ಅವಳ ಪಾಲಿಗೆ ನಾನು ಟೀಚ್ರಮ್ಮನಾಗಿಯೇ ಉಳಿದೆ. ಮೂರನೆಯ ವಾರಕ್ಕೆ 'ನೀವು' ಹೋಗಿ 'ನೀನು' ಬಂತು. ನನ್ನನ್ನು ನೀನು ಅನ್ನುವವರು ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದ ಕಾಲ. ಆ ಏಕವಚನ ಬಿಸಿನೀರಿನ ಶಾಖಕ್ಕಿಂತ ಹಿತವಾಗಿತ್ತು.

"ಏನಾಯ್ತು ಕೈಗೆ?" ಎಂದು ಕೇಳಿದೆ.

"ಆನೆ ಕಣಮ್ಮಾ" ಎಂದಳು, ನಾವು ನೆಗಡಿ ಅನ್ನುವ ಹಾಗೆ. "ಬೆಳಿಗ್ಗೇನೇ ಹಲಸಿನಣ್ಣಿಗೆ ಬಂದಿತ್ತು, ಒಂಟಿದು. ನಾನು ತಟ್ಟೆ ಬಡ್ಕೊಂಡು ಹೋದೆ. ಅದು ನನ್ ಕಡೆ ತಿರುಗ್ತು. ನಾನು ಮನೆ ಕಡೆ ತಿರುಗ್ದೆ. ಬದಿನ ಮ್ಯಾಲೆ ಕಾಲು ಜಾರ್ಬುಡ್ತು."

"ಆನೆ ಏನು ಮಾಡ್ತು?"

"ಅದೇನು ಮಾಡ್ತದೆ? ಹಣ್ಣು ತಿಂದ್ಕೊಂಡು ಹೋಯ್ತು. ನಾನು ಬಿದ್ದಿದ್ದು ನೋಡಿ ನಗ್ತೋ ಏನೋ."

ತೋಳಿನ ಮೂಳೆ ಸೀಳಿತ್ತು. ಹಳ್ಳಿಯ ರೂಢಿಯಂತೆ ಮೂಳೆ ಕೂರಿಸಿ ಕಟ್ಟುವವರ ಹತ್ತಿರ ಹೋದರು. ಮೊಟ್ಟೆಯ ಲೋಳೆ, ಬಟ್ಟೆ, ಬಿದಿರಿನ ದಬ್ಬೆ. ಮೂರು ವಾರಕ್ಕೆ ಬಂದು ಬಿಚ್ಚಿಸಿಕೊಳ್ಳಿ ಎಂದರಂತೆ. ಮೂಳೆಯೇನೋ ಚೆನ್ನಾಗಿಯೇ ಕೂಡಿತು. ಎಡವಟ್ಟಾದದ್ದು ಆಮೇಲೆ.

"ಮೂರು ವಾರಕ್ಕೆ ಸರಿಯಾಗಿ ಆಸಾಡ ಬಂದ್ಬುಡ್ತು" ಎಂದಳು ಮಾದಮ್ಮ. "ಕಟ್ಟು ಬಿಚ್ಚಿದ್ರೆ ಎಣ್ಣೆನೀರು ಉಯ್ಕೋಬೇಕು, ಮನೆದೇವ್ರಿಗೆ ಪೂಜೆ ಆಗ್ಬೇಕು. ಆಸಾಡದಾಗೆ ಯಾರಾನ ಮಾಡ್ತಾರಾ?"

"ಸರಿ. ಆಷಾಢ ಮುಗಿದ ಮೇಲೆ ಬಿಚ್ಚಿಸಬಹುದಿತ್ತಲ್ಲ?"

ಮಾದಮ್ಮ ಗಲ್ಲದಿಂದಲೇ ಸೊಸೆಯ ಕಡೆ ತೋರಿಸಿದಳು. "ಅದನ್ನ ಇವಳ್ನ ಕೇಳು."

ವಳ್ಳಿ ಸೆರಗು ಸುತ್ತಿಕೊಂಡಳು. "ಅಮ್ಮಾ, ಆಷಾಢ ಮುಗಿದಾಗ ನಮ್ ಕಡೆ ಆಡಿ ತಿಂಗ್ಳು ಇನ್ನೂ ಇತ್ತು. ಆಡಿಲಿ ನಮ್ಮೂರಲ್ಲಿ ಒಳ್ಳೆ ಕೆಲಸ ಒಂದೂ ಮಾಡಲ್ಲ. ಅತ್ತೆಗೆ ಏನಾದ್ರೂ ಆಗಿದ್ರೆ ನನ್ ಮೇಲೇ ತಾನೆ ಬರೋದು?"

ನಮ್ಮ ಗಡಿಸೀಮೆಯಲ್ಲದೆ ಬೇರೆಲ್ಲೂ ಆಗಲಾರದ ಎಡವಟ್ಟು ಇದು. ನಮಗೆ ತಿಂಗಳು ಅಳೆಯುವವನು ಚಂದ್ರ, ತಮಿಳರಿಗೆ ಸೂರ್ಯ. ನಮ್ಮ ಆಷಾಢ ಅಮಾವಾಸ್ಯೆಗೆ ಮುಗಿದರೆ ಅವರ ಆಡಿಗೆ ಇನ್ನೂ ಎರಡು ಮೂರು ವಾರ ಉಳಿದಿರುತ್ತದೆ. ಈ ಕಡೆಯ ಎಷ್ಟೋ ಮನೆಗಳಲ್ಲಿ ಎರಡು ಕ್ಯಾಲೆಂಡರುಗಳೂ ಒಂದೇ ಮೊಳೆಗೆ ತೂಗುತ್ತಿರುತ್ತವೆ. ಅತ್ತೆ ಒಂದನ್ನು ಮುಗಿಸಿದಳು, ಸೊಸೆ ಇನ್ನೊಂದನ್ನು ಹಿಡಿದಳು. ಮೂರು ವಾರದ ಕಟ್ಟು ಹತ್ತು ವಾರ ಉಳಿಯಿತು. ಬಿಚ್ಚಿದಾಗ ಮೂಳೆ ಕೂಡಿತ್ತು, ಭುಜ ಮಾತ್ರ ಬೀಗ ಹಾಕಿಕೊಂಡಿತ್ತು.

ನಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ನಾನೂ ಎಂಟು ತಿಂಗಳು ಕಾದವಳೇ. ಆಷಾಢಕ್ಕಲ್ಲ, ಆಡಿಗಲ್ಲ, 'ತಾನಾಗಿ ಹೋಗುತ್ತೆ' ಅನ್ನುವ ತಿಂಗಳಿಗೆ. ಅದು ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಮಾದಮ್ಮನಿಗೆ ಅವಸರವಿತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ರಾಗಿ ಕೊಯ್ಲು, ಕೊಯ್ಲಾದ ಮೇಲೆ ಮೆದೆ. ತೆನೆ ಒಳಗೆ, ಕಡ್ಡಿ ಹೊರಗೆ ಬರುವಂತೆ ಕಂತೆಗಳನ್ನು ಸುತ್ತಲೂ ಜೋಡಿಸುತ್ತ ಗೋಪುರದಂತೆ ಏರಿಸುವುದು. ಸರಿಯಾಗಿ ಒಟ್ಟಿದರೆ ಮಳೆ ಬಿದ್ದರೂ ಒಳಗಿನ ರಾಗಿ ನೆನೆಯುವುದಿಲ್ಲ. ಮೇಲೆ ನಿಂತವರು ಜೋಡಿಸುತ್ತಾರೆ, ನಿಜ. ಆದರೆ ಮೆದೆ ಯಾವ ಕಡೆ ವಾಲುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಕೆಳಗಿನಿಂದ ಕಂತೆಯನ್ನು ತಲೆಯ ಮೇಲಕ್ಕೆತ್ತಿ, ಬೇಕಾದ ಜಾಗಕ್ಕೇ ಬೀಳುವಂತೆ ಎಸೆಯುವವರೇ ನಿಜವಾದ ಮೇಸ್ತ್ರಿ. ಮದುವೆಯಾಗಿ ಬಂದ ಮೂರನೇ ವರ್ಷದಿಂದ ಆ ಹೊಲದಲ್ಲಿ ಎಸೆಯುವ ಕೈ ಮಾದಮ್ಮನದು. ಈ ವರ್ಷ ಅವಳ ಮಗ ಮುನಿರಾಜು, ಕಾರ್ಖಾನೆಗೆ ಶಿಫ್ಟಿಗೆ ಹೋಗುವವನು, "ಕೈ ಬರದಿದ್ರೆ ಬ್ಯಾಡ ಬಿಡಮ್ಮ, ಮಿಷಿನ್ ತರ್‍ಸಿ ಕೊಯ್ಸಿ ಅಲ್ಲೇ ಉದುರಿಸ್ಬುಡ್ತೀನಿ, ಮೆದೇನೂ ಬ್ಯಾಡ ಮಣ್ಣೂ ಬ್ಯಾಡ" ಎಂದಿದ್ದನಂತೆ.

"ನಾನಂದೆ, ಮಿಷಿನ್ ಬಂದ್ರೆ ಹೊಲದಾಗೆ ನಂಗೇನ್ ಕೆಲ್ಸ ಕಣ್ಲಾ? ಕಾಗೆ ಓಡ್ಸಲಾ?" ಎಂದು ಹೇಳಿಕೊಂಡಳು. ಆಮೇಲೆ ಶೋಭನಾಳ ಕಡೆ ತಿರುಗಿ ಕೇಳಿದಳು: "ಮಗಾ, ಮೆದೆಗೆ ಎಸೆಯೋಷ್ಟು ಕೈ ಬತ್ತದಾ?"

ಶೋಭನಾ ಅವಳ ತೋಳನ್ನು ಮೆಲ್ಲಗೆ ಎತ್ತಿ ನೋಡಿದಳು. ಅವಳಿಗೆ ನಾನು ಆಂಟಿ, ಮಾದಮ್ಮ ಪಾಟಿ, ಅಂದರೆ ಅಜ್ಜಿ. "ತುರುಬು ಕಟ್ಟೋಷ್ಟು ಬರುತ್ತೆ ಪಾಟಿ. ಎಸೆಯೋಷ್ಟು... ದಿನಾ ಮಾಡಿ. ನೋಡೋಣ."

"ಭುಜಕ್ಕೆ ಕೊಡೋ ಕರೆಂಟ್ ಜಾಸ್ತಿ ಇಡು."

"ಕರೆಂಟು ನೋವು ಕಮ್ಮಿ ಮಾಡುತ್ತೆ ಅಷ್ಟೇ. ಕೈ ಎತ್ತಬೇಕಾದ್ದು ನೀವೇ."

ತುರುಬು ಎಂದಾಗ ನನಗೆ ನಮ್ಮಮ್ಮನ ತುರುಬು ನೆನಪಾಯಿತು. ನೇರವಾಗಿ ಇದ್ದದ್ದೇ ಇಲ್ಲ ಅದು, ಎಡಕ್ಕೆ ವಾಲಿಕೊಂಡಿರುತ್ತಿತ್ತು. ನಾವು ಮಕ್ಕಳು ಅದನ್ನು ಅಮ್ಮನ ಸ್ಟೈಲ್ ಎಂದೇ ತಿಳಿದಿದ್ದೆವು. ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಬೇಕಾದರೆ ಅಮ್ಮ ನನ್ನನ್ನು ಕರೆಯುತ್ತಿದ್ದಳು. ಮನೆಗೆಲ್ಲ ಕುಳ್ಳಿ ನಾನು! "ನಿಲುಕ್ಸು, ನಿಲುಕ್ಸು. ತುದಿಗಾಲಲ್ಲಿ ನಿಂತು ನಿಲುಕಿಸಿದ್ರೆ ಉದ್ದ ಆಗ್ತೀಯ." ನಾನು ಉದ್ದವಾಗಲೆಂಬ ಆಸೆಯಿಂದ ಎಂದುಕೊಂಡು ತುದಿಗಾಲಲ್ಲಿ ನಿಂತು ನಿಂತು ಡಬ್ಬಿ ಇಳಿಸಿದೆ. ಒದ್ದೆ ಸೀರೆ ಹರವುವಾಗಲೂ ಹಾಗೆಯೇ, ತಂತಿಯ ಮೇಲಕ್ಕೆ ಎಸೆಯಬೇಕಾದ ತುದಿ ನನ್ನ ಕೈಗೆ. ಅರವತ್ತು ವರ್ಷಗಳ ನಂತರ, ಹೊಸೂರಿನ ಬೇಕರಿಯ ಮಹಡಿಯ ಮೇಲೆ, ಬೆಣ್ಣೆ ಬಿಸ್ಕತ್ತಿನ ವಾಸನೆಯ ನಡುವೆ ಹೊಳೆಯಿತು: ಅಮ್ಮನ ಕೈ ಏರುತ್ತಿರಲಿಲ್ಲ. ಅವಳು ಹೇಳಲಿಲ್ಲ. ನಾವು ಕೇಳಲಿಲ್ಲ. ಆ ವಾಲಿದ ತುರುಬಿಗೆ ನಾವು ಚೆಂದವಿದೆ ಎಂದೆವು.

ತುದಿಗಾಲಿನ ಅಭ್ಯಾಸ ನನಗೆ ಅಂಟಿದ್ದು ಹಾಗೆ. ಅದು ಮನೆಯಲ್ಲಿ ಗುಣ, ಕಾನ್ವೆಂಟಿನಲ್ಲಿ ಪಾಪ. ಶನಿವಾರದ ಡ್ರಿಲ್ ಕ್ಲಾಸಿನಲ್ಲಿ ಸಿಸ್ಟರ್ ಬೆನಡಿಕ್ಟಾ "ಆರ್ಮ್ಸ್ ಅಪ್! ಹೀಲ್ಸ್ ಡೌನ್!" ಎಂದು ಕೂಗುತ್ತಿದ್ದರು. ಪಕ್ಕದ ಉದ್ದ ಹುಡುಗಿಯ ಬೆರಳ ತುದಿಗೆ ನನ್ನ ಬೆರಳು ಸಮವಾಗಿ ಕಾಣಲೆಂದು ನಾನು ಹಿಮ್ಮಡಿ ಎತ್ತುತ್ತಿದ್ದೆ. ಒಂದು ದಿನ ಹಿಂದಿನಿಂದ ಬಂದು, ಎತ್ತಿದ ಹಿಮ್ಮಡಿಯ ಕೆಳಗೆ ಮರದ ಸ್ಕೇಲು ತೂರಿಸಿ, ಮೆಲ್ಲಗೆ ಹೇಳಿದರು: "ಸುಶೀಲಾ, ಡೋಂಟ್ ಟೆಲ್ ಲೈಸ್ ವಿತ್ ಯುವರ್ ಫೀಟ್." ಪಾದಗಳಿಂದಲೂ ಸುಳ್ಳು ಹೇಳಬಹುದೆಂದು ನನಗೆ ಗೊತ್ತಾದದ್ದು ಅಂದು. ವ್ಯಾಯಾಮದೊಂದಿಗೆ ಮನಸ್ತಾಪ ಶುರುವಾದದ್ದೂ ಅಂದೇ.

ಆ ರೂಮಿನಲ್ಲಿ ಒಂದು ಗೋಡೆಯಿತ್ತು. ಗೋಡೆಗೆ ಮುಖ ಮಾಡಿ ನಿಂತು, ನೋಯುವ ಕೈಯ ಬೆರಳುಗಳನ್ನು ಜೇಡನಂತೆ ಒಂದೊಂದೇ ಹೆಜ್ಜೆ ಮೇಲಕ್ಕೆ ನಡೆಸಬೇಕು. ಎಲ್ಲಿಗೆ ನಿಂತಿತೋ ಅಲ್ಲಿ ಶೋಭನಾ ಪೆನ್ಸಿಲಿನಲ್ಲಿ ಗೆರೆ ಎಳೆದು ಹೆಸರು, ತಾರೀಖು ಬರೆಯುತ್ತಿದ್ದಳು. ಮೊದಮೊದಲು ನಮ್ಮಿಬ್ಬರ ಗೆರೆಗಳೂ ಅಕ್ಕಪಕ್ಕ ಏರುತ್ತಿದ್ದವು. ಒಂದು ದಿನ ಶೋಭನಾ ಮೇಷ್ಟ್ರ ಮೊಣಕಾಲು ಮಡಿಸುವುದರಲ್ಲಿ ಮುಳುಗಿದ್ದಳು. ಅವತ್ತು ನನ್ನ ಕೈ ನಿಂತ ಜಾಗಕ್ಕಿಂತ ನನ್ನದೇ ಹೋದ ವಾರದ ಗೆರೆ ಒಂದೇ ಒಂದು ಬೆರಳು ಮೇಲಿತ್ತು. ನನ್ನ ಹಿಮ್ಮಡಿ ನನ್ನನ್ನು ಕೇಳದೆಯೇ ಎದ್ದಿತು.

"ವಾವ್, ಸೂಪರ್ ಆಂಟಿ!" ಎಂದು ಅವಳು ದೂರದಿಂದಲೇ ಹೇಳಿದಳು. ಆ ವಾವ್ ಎಷ್ಟು ರುಚಿಯಾಗಿತ್ತು ಎಂದರೆ ಮಾರನೆಯ ದಿನವೂ ಎತ್ತಿದೆ. ಎಪ್ಪತ್ತರ ಹತ್ತಿರದ ಹೆಂಗಸು, ಮೊಮ್ಮಕ್ಕಳಿಗೆ ಆನೆಸ್ಟಿ ಈಸ್ ದಿ ಬೆಸ್ಟ್ ಪಾಲಿಸಿ ಎಂದು ಕಾಪಿ ಬರೆಸಿದವಳು, ಸೀರೆಯ ನೆರಿಗೆಯ ಮರೆಯಲ್ಲಿ ಹಿಮ್ಮಡಿ ಎತ್ತಿ, ಗೋಡೆಯ ಮೇಲೆ ದಿನಕ್ಕೊಂದು ಸುಳ್ಳು ಬರೆಸತೊಡಗಿದೆ.

ನನ್ನ ಗೆರೆ ಮಾದಮ್ಮನದನ್ನು ದಾಟಿತು. ಅವಳದು ಅಲ್ಲೇ ನಿಂತಿತ್ತು. ಕಣ್ಣಿಗೆ ಪೊರೆ ಬಂದಿದ್ದ ಅವಳು ಗೋಡೆಯ ಹತ್ತಿರ ಮುಖವಿಟ್ಟು ನೋಡಿ, ಬೆರಳಿನಿಂದ ಎರಡು ಗೆರೆಗಳ ನಡುವನ್ನು ಸವರಿ, "ನಿಂದು ಹೋಯ್ತಾ ಅದೆ ಟೀಚ್ರಮ್ಮ. ನಂದು ನಿಂತ್ಬುಡ್ತು" ಎಂದಳು. ನಾನು ಸುಮ್ಮನಿದ್ದೆ. ಸುಮ್ಮನಿರುವುದೂ ಒಂದು ಸದ್ಗುಣ ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು.

ದೀಪಾವಳಿಗೆ ಮುಂಚೆ ನಾಲ್ಕು ದಿನ ಮಾದಮ್ಮ ಬರಲಿಲ್ಲ. ಸಾನಮಾವು ರಸ್ತೆಯಲ್ಲಿ ಆನೆ ದಾಟುತ್ತಿದ್ದರೆ ಬಸ್ಸು ನಿಲ್ಲುವುದು, ಅವಳು ತಡವಾಗುವುದು ಇದ್ದದ್ದೇ. ಆದರೆ ನಾಲ್ಕು ದಿನ? ಐದನೆಯ ದಿನ ಬಂದಳು. ಭುಜ ಊದಿತ್ತು, ಕೈ ಎದೆಯ ಮಟ್ಟಕ್ಕೂ ಏರಲಿಲ್ಲ. ಹಲಸಿನ ಮರದ ಕೊಂಬೆಗೆ ಬಾವಿಯ ಹಳೆಯ ರಾಟೆ ಕಟ್ಟಿಕೊಂಡು, ಬೆಳಿಗ್ಗೆ ನೂರು ಸಲ, ಸಾಯಂಕಾಲ ನೂರು ಸಲ ಹಗ್ಗ ಎಳೆದಿದ್ದಳು.

ಶೋಭನಾಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಪಾಟಿ! ಹತ್ತು ಅಂದ್ರೆ ಹತ್ತು. ನೂರು ಯಾರು ಹೇಳಿದ್ದು ನಿಮಗೆ? ಮಗೂನ ಎಬ್ಬಿಸು ಅಂದ್ರೆ ಹೊಡೆದು ಎಬ್ಬಿಸ್ತಾರಾ?"

"ಏನ್ ಮಾಡ್ಲವ್ವಾ" ಎಂದಳು ಮಾದಮ್ಮ, ತಲೆ ತಗ್ಗಿಸಿ. "ಟೀಚ್ರಮ್ಮಂದು ಅಷ್ಟು ಮ್ಯಾಕೆ ಹೋಗ್ಯದೆ. ನಾನು ಹೊಲದಾಗೆ ಗೇದ ಕೈ, ನಂದ್ಯಾಕೆ ಹೋಗಲ್ಲ ಅಂತ ಎಳ್ದೆ."

ಪುಲ್ಲಿಯಲ್ಲಿದ್ದ ನನ್ನ ಕೈ ಟಕ್ ಎಂದು ಬಿತ್ತು.

ಹೇಳದೆ ಮನೆಗೆ ಹೋಗಿಬಿಡಬಹುದಿತ್ತು. ಮೆಟ್ಟಿಲ ತನಕ ಹೋದೆ ಕೂಡ. ಕೆಳಗೆ ಬೇಕರಿಯವನು ಬಿಸಿ ಬನ್ನಿನ ಟ್ರೇ ಹೊರಗೆ ತೆಗೆಯುತ್ತಿದ್ದ. ಅರ್ಧ ಮೆಟ್ಟಿಲಿನಿಂದ ತಿರುಗಿ ಬಂದು, ಗೋಡೆಯ ಮುಂದೆ ನಿಂತು, ಸೀರೆಯ ನೆರಿಗೆ ಎತ್ತಿ ಹಿಡಿದು, "ಮಾದಮ್ಮ, ಇಲ್ಲಿ ನೋಡು" ಎಂದು ಹಿಮ್ಮಡಿ ಎತ್ತಿ ತೋರಿಸಿದೆ. "ನನ್ನ ಗೆರೆ ಹೋಗಿದ್ದು ಹೀಗೆ."

ಬಲೂನು ಊದುತ್ತಿದ್ದವಳು ಊದುವುದನ್ನು ನಿಲ್ಲಿಸಿದಳು. ಮೇಷ್ಟ್ರು ಕಾಲು ಚಾಚಿದವರು ಹಾಗೇ ಉಳಿದರು. ಮಾದಮ್ಮ ಎದ್ದು ಹತ್ತಿರ ಬಂದು, ಬಗ್ಗಿ ನನ್ನ ಪಾದಗಳನ್ನು ನೋಡಿದಳು.

"ಹಂಗಾರೆ ಕೈ ಹೋಗಿಲ್ಲ. ಹಿಮ್ಮಡಿ ಹೋಗ್ಯದೆ."

"ಹೂಂ."

"ನಾನು ನಿನ್ನ ನೋಡ್ಕೊಂಡು ಎಳ್ದೆನಲ್ಲೇ."

ಸಾರಿ ಎಂದರೆ ಬಸ್ಸಿನಲ್ಲಿ ಕಾಲು ತುಳಿದವರು ಹೇಳಿದ ಹಾಗಿರುತ್ತದೆ. ಎತ್ತಿ ಹಿಡಿದ ನೆರಿಗೆಯನ್ನು ಕೆಳಗೆ ಬಿಟ್ಟೆ. ಮಾದಮ್ಮ ಕಿಸಕ್ಕನೆ ನಕ್ಕಳು. ಆ ನಗುವಿನಲ್ಲಿ ಕ್ಷಮೆ ಎಷ್ಟಿತ್ತು, ಛೀಮಾರಿ ಎಷ್ಟಿತ್ತು, ನನಗೆ ಇವತ್ತಿಗೂ ತಿಳಿಯದು. "ಇಷ್ಟುದ್ದ ಇಂಗ್ಲೀಸು ಓದಿ ಇದನ್ನ ಕಲ್ತ್ಯಾ!" ಎಂದವಳು ಗೋಡೆಯ ಬುಡದಲ್ಲಿ ಕುಕ್ಕರಿಸಿ ಕೂತು, ಎಡಗೈಯಿಂದ ನನ್ನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದಳು. "ಈಗ ಎತ್ತು. ಹಿಮ್ಮಡಿ ನೆಲದ ಮ್ಯಾಲಿರ್ಲಿ."

ಎತ್ತಿದೆ. ಸುಳ್ಳಿನ ಗೆರೆಗಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಶೋಭನಾ ಹಳೆಯದನ್ನು ರಬ್ಬರಿನಿಂದ ಉಜ್ಜಿ ಹೊಸ ಗೆರೆ ಎಳೆದಳು.

ಅಲ್ಲಿಂದ ಮುಂದೆ ದಿನವೂ ಅದೇ ಕ್ರಮ. ನಾನು ಏರಿಸುವಾಗ ಅವಳು ಹಿಮ್ಮಡಿ ಹಿಡಿಯುತ್ತಿದ್ದಳು. ಅವಳು ಹಗ್ಗ ಎಳೆಯುವಾಗ ನಾನು ಎಣಿಸುತ್ತಿದ್ದೆ. ಹತ್ತಕ್ಕೆ "ಸ್ಟಾಪ್" ಎನ್ನುತ್ತಿದ್ದೆ; ಅವಳು "ಇನ್ನೊಂದೇ ಒಂದು" ಎಂದು ಗೊಣಗುತ್ತಿದ್ದಳು. ಮೆದುವಾ ಅನ್ನುವ ಮಾತಿನ ಅರ್ಥ ನಮಗಿಬ್ಬರಿಗೂ ಆಗ ತಿಳಿದದ್ದು. ಅವಳು ತನ್ನ ಕೈಯನ್ನು ಹೊಡೆಯುತ್ತಿದ್ದಳು, ನಾನು ಮುದ್ದು ಮಾಡುತ್ತಿದ್ದೆ. ಎರಡೂ ಒಂದೇ ತಪ್ಪಿನ ಎರಡು ತುದಿ, ಆ ಹಗ್ಗದ ಎರಡು ಹಿಡಿಗಳ ಹಾಗೆ.

ಕಾರ್ತಿಕ ಮುಗಿಯುವ ಹೊತ್ತಿಗೆ ನನ್ನ ಕೈ ತಲೆಯ ಹಿಂದಕ್ಕೆ ಹೋಯಿತು. ಜಡೆ ನಾನೇ ಹೆಣೆದುಕೊಂಡೆ. ನಮ್ಮವರು ನೋಡಿ, "ಪಿಚ್ ಸರಿಯಿಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡರು. ಮಾದಮ್ಮನ ಕೈ ಕಿವಿಯ ಮಟ್ಟದವರೆಗೆ ಬಂದಿತ್ತು. ಆ ಒಂದು ಊತ ಅವಳ ಮೂರು ವಾರ ತಿಂದಿತ್ತು. ಮೂರು ವಾರ. ಅದನ್ನು ತಿಂದದ್ದು ಹಲಸಿನ ಮರದ ರಾಟೆಯೊಂದೇ ಅಲ್ಲ.

ಆಮೇಲೆ ಅವಳು ಬರುವುದು ನಿಂತಿತು. ಕೊಯ್ಲು ಶುರುವಾಗಿದೆಯೆಂದು ವಳ್ಳಿ ಶೋಭನಾಗೆ ಫೋನ್ ಮಾಡಿದ್ದಳಂತೆ. ನಾನು ನಮ್ಮವರಿಗೆ ಹಿಮ್ಮಡಿಯ ಕಥೆಯನ್ನು ಹೇಳಿದ್ದು ಆಗ. ಅವರು ಬೈಯಲಿಲ್ಲ. ಎರಡು ದಿನ ಕೂತು ಹಳೆಯ ಬೇರಿಂಗ್ ಹಾಕಿ ಒಂದು ಪುಲ್ಲಿ ಮಾಡಿದರು, ಸದ್ದೇ ಇಲ್ಲದ್ದು. "ನಡಿ, ಕೊಟ್ಟು ಬರೋಣ" ಎಂದರು.

ಬಸ್ಸಿಳಿದು ಹೋದಾಗ ರಸ್ತೆಯಂಚಿನ ಹೊಲದಲ್ಲಿ ಮೆದೆ ಏರುತ್ತಿತ್ತು. ಮಿಷಿನ್ ಬಂದಿರಲಿಲ್ಲ. ಕೆಳಗಿನಿಂದ ಎಸೆಯುತ್ತಿದ್ದವಳು ವಳ್ಳಿ. ಮೇಲೆ ನಿಂತು ಜೋಡಿಸುತ್ತಿದ್ದವನು ರಜೆ ಹಾಕಿದ್ದ ಮುನಿರಾಜು. ಮಾದಮ್ಮ ಹತ್ತು ಹೆಜ್ಜೆ ದೂರದಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಎಡಕ್ಕೆ ಹಾಕೇ! ಎಡಕ್ಕೆ! ನಿಮ್ಮಪ್ಪನ ಮನೆ ಕಡೆಗಲ್ಲ, ಈ ಕಡೆಗೆ!"

"ಅತ್ತೆ, ಅದೇ ಎಡ!" ಎಂದಳು ವಳ್ಳಿ, ಮೈಯೆಲ್ಲ ರಾಗಿ ಧೂಳು.

"ಹೂಂ, ಬಿತ್ತು ಬಿಡು. ಅದೇ ಜಾಗ. ಇನ್ನೊಂದು." ನಮ್ಮನ್ನು ಕಂಡು, "ಬಾ ಟೀಚ್ರಮ್ಮ! ಇವತ್ತು ನನ್ನ ಪಂಚಾಂಗಕ್ಕೂ ಸರಿ, ಇವಳ ಕ್ಯಾಲೆಂಡರಿಗೂ ಸರಿ. ಎರಡೂ ಕೇಳಿಯೇ ಶುರು ಮಾಡಿದ್ದು" ಎಂದು ನಕ್ಕಳು.

"ನೀನು ಎಸೆಯಲಿಲ್ವಾ?" ಎಂದು ಕೇಳಬಾರದಿತ್ತು. ಕೇಳಿದೆ.

"ಒಂದು ಎಸೆದೆ. ಅರ್ಧಕ್ಕೇ ಬಿತ್ತು." ಬಲಗೈಯನ್ನು ಎಡಗೈಯಿಂದ ನೀವಿಕೊಂಡಳು. "ಇರ್ಲಿ ಬಿಡು. ಅವಳ ಕೈ ಚೆಂದಾಗಿ ಅದೆ. ಕಣ್ಣು ಬರ್ಬೇಕು, ಬತ್ತದೆ." ನಮ್ಮವರು ಕೊಟ್ಟ ಪುಲ್ಲಿಯನ್ನು ತಿರುಗಿಸಿ, ಕಿವಿಯ ಹತ್ತಿರ ಹಿಡಿದು, "ಸದ್ದೇ ಇಲ್ವಲ್ಲ! ಆನೆಗೂ ಕೇಳ್ಸಲ್ಲ" ಎಂದಳು. ಅವಳ ತಲೆಯ ಕಡೆ ನೋಡಿದೆ. ತುರುಬು ಅವಳೇ ಕಟ್ಟಿಕೊಂಡದ್ದು. ನೇರವಾಗಿತ್ತು.

ಶಿವರಾತ್ರಿಯ ಹೊತ್ತಿಗೆ ಶೋಭನಾ ಫೋನ್ ಮಾಡಿದಳು. ಮಾದಮ್ಮ ಹೋಗಿಬಿಟ್ಟಳಂತೆ. ಮಧ್ಯಾಹ್ನ ಉಂಡು ಜಗಲಿಯಲ್ಲಿ ಮಲಗಿದವಳು ಏಳಲಿಲ್ಲ. ಹೃದಯ ಎಂದರಂತೆ. ಮನೆಯ ಬಾಗಿಲಿಗೆ ನಾನೂ ಒಂದು ಪುಲ್ಲಿ ಹಾಕಿಸಿಕೊಂಡಿದ್ದೇನೆ. ಅದಕ್ಕೆ ಎಣ್ಣೆ ಬಿಡುತ್ತೇನೆಂದು ನಮ್ಮವರು ಆಗಾಗ ಏಣಿ ತರುತ್ತಾರೆ. ಬೇಡ, ಕೀಂಯ್ ಎನ್ನಲಿ ಎಂದು ನಾನು ಬಿಡುವುದಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಮೆದೆ ಒಟ್ಟಿದ ಆ ದಿನದ ಸಂಜೆ, ವಾಪಸು ಬರುವ ಬಸ್ಸಿನ ಕಿಟಕಿಯಿಂದ. ಮೆದೆಯ ಪಕ್ಕದಲ್ಲಿ, ಕೊಯ್ದ ಹೊಲದ ಅಂಚಿನಲ್ಲಿ ನಿಂತಿದ್ದಳು. ಬಸ್ಸು ಹೊರಟಾಗ ಬಲಗೈ ಎತ್ತಿದಳು. ಭುಜ ದಾಟಿತು, ಕಿವಿ ದಾಟಿತು, ಗೋಡೆಯ ಮೇಲಿನ ಅವಳ ಕೊನೆಯ ಗೆರೆಯನ್ನೂ ದಾಟಿ ತಲೆಯ ಮೇಲೆ ನೇರವಾಗಿ ನಿಂತಿತು. "ನೋಡು, ಎಷ್ಟು ಮೇಲೆ ಹೋಗಿದೆ" ಎಂದರು ನಮ್ಮವರು. ನಾನೂ ಕಿಟಕಿಯ ಹೊರಗೆ ಕೈ ಚಾಚಿ ಎತ್ತಿದೆ. ಅವಳ ಹಿಮ್ಮಡಿ ನೆಲದ ಮೇಲಿತ್ತೋ ಇಲ್ಲವೋ, ರಾಗಿಯ ಕೂಳೆಯ ಮರೆಯಲ್ಲಿ ಕಾಣಲಿಲ್ಲ. ನಾನು ಬಗ್ಗಿ ನೋಡಲಿಲ್ಲ.